ಗೆರೆ ಎಳೆದರೆ ಹೊರೆ ಇಳಿದೀತೆ?

ಒತ್ತಡ ನೀಗಲು ಅಮೂರ್ತ ಚಿತ್ರ ಬಿಡಿಸಿ ಎಂಬ ತರಗತಿಗಳು ಈಗ ಮಾರಾಟದ ಸರಕು. ‘ಚಿತ್ರಕಲೆ ಬರಬೇಕಾಗಿಲ್ಲ, ಇಲ್ಲಿ ತಪ್ಪೆಂಬುದೇ ಇಲ್ಲ’ ಎನ್ನುತ್ತಾರೆ ಕಲಿಸುವವರು. ಅಮೆರಿಕದ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ರೂಪಿಸಿದ ‘ಝೆಂಟ್ಯಾಂಗಲ್’ನಲ್ಲಿ ಮೂರೂವರೆ ಇಂಚಿನ ಚೌಕ ಕಾಗದದ ಮೇಲೆ ಗೆರೆಗಳ ವಿನ್ಯಾಸ ಹೆಣೆಯಬೇಕು, ಅಳಿಸುವ ರಬ್ಬರ್ ಇಲ್ಲ. ಗೆರೆಗೆ ಒಡೆಯರಿಲ್ಲ, ಹೆಸರಿಗೆ ಇದ್ದಾರೆ. ಅದು ನೋಂದಾಯಿತ ಟ್ರೇಡ್‌ಮಾರ್ಕ್.

ಚಿತ್ರ ಬಿಡಿಸಿದರೆ ಮನಸ್ಸು ಹಗುರಾಗುವುದು ಸುಳ್ಳಲ್ಲ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿ 45 ನಿಮಿಷ ಕಲೆಯಲ್ಲಿ ತೊಡಗಿದ್ದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ಆದರೆ ಸುಮ್ಮನೆ ವಿಶ್ರಮಿಸಿದವರೊಡನೆ ಹೋಲಿಸಿ ನೋಡಿರಲಿಲ್ಲ. ಹಾಗಾದರೆ ಗುಣ ಗೆರೆಯದೋ, ಸಿಕ್ಕಿದ ಬಿಡುವಿನದೋ?

ಅಳೆದದ್ದು ಆ 45 ನಿಮಿಷಗಳ ಹಿಂದುಮುಂದನ್ನು ಮಾತ್ರ. ಮರುದಿನ ಅದೇ ಕಚೇರಿ, ರಾತ್ರಿ ಹತ್ತಕ್ಕೆ ಮೇಲಧಿಕಾರಿಯ ಅದೇ ಫೋನು, ಅದೇ ಸಾಲದ ಕಂತು. ಹನ್ನೆರಡು ಗಂಟೆ ದುಡಿಸಿಕೊಂಡು ತಿಂಗಳಿಗೊಮ್ಮೆ ಗೆರೆ ಎಳೆಸುವ ಮಾಲೀಕ ಮಾಡುವುದೇನು? ತಾನು ಹೇರಿದ ಹೊರೆಯನ್ನು ನೌಕರನ ಮನೋದೌರ್ಬಲ್ಯವೆಂದು ತೋರಿಸುತ್ತಾನೆ. ಗಾಯ ಮಾಡಿದವನೇ ಮುಲಾಮು ಹಂಚಿ ದಾನಿ ಎನಿಸಿಕೊಳ್ಳುತ್ತಾನೆ.

ಚಿತ್ರ ಬಿಡಿಸಿ, ಖಂಡಿತ ಬಿಡಿಸಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಆದರೆ ಖಿನ್ನತೆ ನಿದ್ದೆಗೆಡಿಸುತ್ತಿದ್ದರೆ ವೈದ್ಯರ ಬಳಿ ಹೋಗಿ. ದುಡಿಮೆಯೇ ಹಿಂಡುತ್ತಿದ್ದರೆ ಸಹೋದ್ಯೋಗಿಗಳೊಂದಿಗೆ ಒಟ್ಟಾಗಿ ಗಂಟೆಗಳ ಲೆಕ್ಕ ಕೇಳಿ. ಮೊದಲ ಗೆರೆ ಎಳೆಯಬೇಕಾದದ್ದು ಕೆಲಸದ ವೇಳೆಗೆ.