ಮಕ್ಕಳ ಮಾನ ಮತ್ತು ಬೀಡಿಯ ಹೊಗೆ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಸುತ್ತಿನಲ್ಲಿ ಬೀಡಿಯ ಕೂಲಿಯಿಂದ ಒಲೆ ಉರಿಯುವ ಮನೆಗಳಿಗೆ ಲೆಕ್ಕವಿಲ್ಲ. ತಾಯಂದಿರು ಮೊರವನ್ನು ಮಡಿಲಲ್ಲಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ನೂಲು ಸುತ್ತಿ, ಸಾವಿರಕ್ಕೆ ಇಷ್ಟೆಂದು ಕೂಲಿ ಪಡೆಯುತ್ತಾರೆ. ಮಕ್ಕಳ ಪುಸ್ತಕ, ಅಂಗಿ ಎಲ್ಲವೂ ಅದರಿಂದಲೇ. ಆ ಬೀಡಿ ಮಗನ ತುಟಿಗೇ ಏರಿದರೆ ತಾಯಿಯ ದುಡಿಮೆಗೆ ಏನು ಅರ್ಥ ಉಳಿಯಿತು?

ಇದು ವೃಥಾ ಭಯವಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 13ರಿಂದ 15 ವರ್ಷದ ಶಾಲಾಮಕ್ಕಳಲ್ಲಿ ನೂರಕ್ಕೆ 8.5 ಮಂದಿ ತಂಬಾಕು ಬಳಸುತ್ತಿದ್ದರು. ಬೀಡಿ ಸೇದಿದವರಲ್ಲಿ ನೂರಕ್ಕೆ 47 ಮಂದಿ ಹತ್ತು ವರ್ಷ ತುಂಬುವ ಮೊದಲೇ ಸೇದಲಾರಂಭಿಸಿದ್ದರು!

ಹುಡುಗನು ಕೆಟ್ಟನೆಂದು ಬೆತ್ತ ಹಿಡಿಯುವವರಿಗೆ ನಮ್ಮದೊಂದು ಪ್ರಶ್ನೆ. ಮನೆಯಲ್ಲಿ ದಂಡಪಿಂಡವೆಂದೂ, ತರಗತಿಯಲ್ಲಿ ದಡ್ಡನೆಂದೂ ಕರೆಸಿಕೊಂಡವನು ತನಗೂ ಬೆಲೆಯುಂಟೆಂದು ತೋರಿಸಲು ಎಲ್ಲಿಗೆ ಹೋಗಬೇಕು? ಗೂಡಂಗಡಿಯ ಹಿಂದೆ ಬೀಡಿ ಹಚ್ಚಿದಾಗ ಜೊತೆಗಾರರು ಅವನನ್ನು 'ಗಂಡಸು' ಎನ್ನುತ್ತಾರೆ. ನಾವು ಕೊಡದ ಮರ್ಯಾದೆಯನ್ನು ಅವನು ಹೊಗೆಯಲ್ಲಿ ಹುಡುಕುತ್ತಾನೆ. ಬೆತ್ತದಿಂದ ಆ ಕೊರತೆ ತುಂಬಲಾರದು.

ಬಂಡವಾಳಗಾರರು ಈ ಮರ್ಮವನ್ನು ಚೆನ್ನಾಗಿ ಬಲ್ಲರು. ಅಮೆರಿಕದ ಕಪ್ಪು ಜನರಿಗೆಂದೇ 'ಅಪ್‌ಟೌನ್' ಎಂಬ ಸಿಗರೇಟನ್ನು ಫಿಲಡೆಲ್ಫಿಯಾದಲ್ಲಿ ಮಾರಾಟಕ್ಕಿಳಿಸಲು ಒಂದು ದೊಡ್ಡ ಕಂಪೆನಿ ಸಿದ್ಧವಾಗಿತ್ತು. ಅಲ್ಲಿನ ಕಪ್ಪು ಜನರು ಸಂಘಟಿತರಾಗಿ ಪ್ರತಿಭಟಿಸಿದರು. ಆರೋಗ್ಯ ಸಚಿವ ಲೂಯಿ ಸಲಿವನ್ನರೂ ದನಿಗೂಡಿಸಿದರು. 1990ರ ಜನವರಿಯಲ್ಲಿ ಕಂಪೆನಿ ಆ ಸಿಗರೇಟನ್ನೇ ಕೈಬಿಟ್ಟಿತು. ಸ್ವಾಭಿಮಾನವೆಂದರೆ ಇದು.

ವರ್ತಕ ಬಂಧುಗಳೇ, ಮಕ್ಕಳಿಗೆ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಏಳು ವರ್ಷಗಳವರೆಗೆ ಸಜೆಯುಂಟು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಂತೆ 21 ವರ್ಷದೊಳಗಿನವರಿಗೆ ಮಾರಾಟವೇ ನಿಷಿದ್ಧ. ಕಾಯಿದೆಯ ಮಾತಿರಲಿ, ನಾಲ್ಕು ಕಾಸಿನ ಲಾಭಕ್ಕಾಗಿ ನೆರೆಮನೆಯ ಮಗುವನ್ನು ಮಾರಬೇಡಿ.

ಕಾರ್ಮಿಕ ಮಿತ್ರರೇ, 'ಓಡಿ ಹೋಗಿ ಒಂದು ಕಟ್ಟು ಬೀಡಿ ತಾ' ಎಂದು ಮಗನನ್ನು ಅಂಗಡಿಗೆ ಅಟ್ಟುವುದನ್ನು ಇಂದೇ ನಿಲ್ಲಿಸಿರಿ. ಗಿರಣಿಯಲ್ಲಿ ಯಜಮಾನನ ಬೈಗುಳವನ್ನು ಸಹಿಸೆವೆಂದು ಸಂಘ ಕಟ್ಟಿದವರು ನಾವು. ಅದೇ ಬೈಗುಳವನ್ನು ಮನೆಗೆ ಒಯ್ದು ಮಕ್ಕಳ ಮೇಲೆ ಸುರಿಯುವುದು ಯಾವ ನ್ಯಾಯ? ಬೀಡಿ ಕಟ್ಟುವ ತಾಯಿಗೆ ನ್ಯಾಯವಾದ ಕೂಲಿ ಸಿಗಬೇಕು, ಬೇರೆ ಕಸುಬಿನ ದಾರಿಯೂ ತೆರೆಯಬೇಕು; ಅದಕ್ಕಾಗಿ ಹೋರಾಡೋಣ. ಮಗುವಿಗೆ ಕೊಡಬೇಕಾದ ಮರ್ಯಾದೆಗಾದರೋ ಯಾವ ಸರಕಾರದ ಆಜ್ಞೆಯನ್ನೂ ಕಾಯಬೇಕಾಗಿಲ್ಲ.