ಸತ್ತ ಡ್ರೈವೂ ನಮ್ಮ ಪ್ರಯೋಗಶಾಲೆಯೂ

ಯಶವಂತಪುರದಿಂದ ತುಮಕೂರು ರಸ್ತೆಯಗುಂಟ ಪೀಣ್ಯದವರೆಗೆ ಹೋದವರು ಅಡ್ಡರಸ್ತೆಗಳಲ್ಲಿ ಸಾಲುಗಟ್ಟಿರುವ ಚಿಕ್ಕ ಚಿಕ್ಕ ಯಂತ್ರಾಗಾರಗಳನ್ನು ಕಂಡಿರಬಹುದು. ಅಲ್ಲಿಯ ಲೇತು, ಮಿಲ್ಲಿಂಗ್ ಯಂತ್ರ, ಕಂಪ್ರೆಸರುಗಳನ್ನು ತಿರುಗಿಸುವುದು ವಿದ್ಯುನ್ಮೋಟಾರು. ಆ ಮೋಟಾರಿನ ವೇಗವನ್ನು ಇಂದು ಅನೇಕ ಕಡೆ ಆಳುತ್ತಿರುವುದು 'ಡ್ರೈವು' ಎಂಬ ಪೆಟ್ಟಿಗೆ. ಒಂದು ಬೆಳಗ್ಗೆ ಈ ಪೆಟ್ಟಿಗೆಯ ಮುಖದ ಮೇಲಿನ ಅಂಕಿಗಳು ಬೆಳಗದೆ ಹೋದರೆ ಯಂತ್ರವೂ ನಿಂತಿತು, ಅದನ್ನು ನಂಬಿದ ನಾಲ್ಕಾರು ಜನರ ದುಡಿಮೆಯೂ ನಿಂತಿತು. ಆಗ ಸಾಮಾನ್ಯವಾಗಿ ಹೊರಬೀಳುವ ತೀರ್ಪು ಒಂದೇ: ಡ್ರೈವು ಸತ್ತಿದೆ, ಹೊಸದನ್ನು ತರಿಸಿ. ಈ ತೀರ್ಪು ಎಷ್ಟೋ ಸಲ ಅವಸರದ್ದೆಂದೂ, ಅದನ್ನು ಪರೀಕ್ಷಿಸಲು ಬೇಕಾದ ಜ್ಞಾನದ ಬಹುಭಾಗ ಕಾಲೇಜಿನ ಭೌತವಿಜ್ಞಾನದ ಪಠ್ಯದಲ್ಲಿಯೇ ಇದೆಯೆಂದೂ, ಇದ್ದರೂ ಅದು ವಿದ್ಯಾರ್ಥಿಯ ಕೈಗೆ ಬರುತ್ತಿಲ್ಲವೆಂದೂ ನಾವು ಇಲ್ಲಿ ಹೇಳಬಯಸುತ್ತೇವೆ.

ಮೊದಲು ಡ್ರೈವಿನ ಕೆಲಸವನ್ನು ನೋಡೋಣ. ಮೂರು ಫೇಸಿನ ಪ್ರೇರಣ ಮೋಟಾರಿನ ವೇಗ ಅದಕ್ಕೆ ಉಣಿಸುವ ವಿದ್ಯುತ್ತಿನ ಆವೃತ್ತಿಯನ್ನು ಅವಲಂಬಿಸಿದೆ. ನಾಲ್ಕು ಧ್ರುವಗಳ ಮೋಟಾರಿನಲ್ಲಿ 50 ಹರ್ಟ್ಸಿನ ವಿದ್ಯುತ್ತು ಉಂಟುಮಾಡುವ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. (1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 25 ಹರ್ಟ್ಸಿನದು, ಅಂಥ ವಿದ್ಯುತ್ತಿನಲ್ಲಿ ಈ ಕ್ಷೇತ್ರ 750 ಸುತ್ತಿಗಿಂತ ಹೆಚ್ಚು ತಿರುಗಲಾರದು.) ಡ್ರೈವು 415 ವೋಲ್ಟಿನ ಪರ್ಯಾಯ ಪ್ರವಾಹವನ್ನು ಆರು ಡಯೋಡುಗಳ ಮೂಲಕ ಏಕಮುಖವಾಗಿಸಿ, ದೊಡ್ಡ ಕೆಪಾಸಿಟರುಗಳಲ್ಲಿ ಸುಮಾರು 560 ವೋಲ್ಟಿನಲ್ಲಿ ಕೂಡಿಟ್ಟು, ಬಳಿಕ ಬೇಕಾದ ಆವೃತ್ತಿಯ ಪರ್ಯಾಯ ಪ್ರವಾಹವಾಗಿ ಮೋಟಾರಿಗೆ ಒದಗಿಸುತ್ತದೆ. ಯಶವಂತಪುರದ ಮೂಲಕ 2014ರಿಂದ ಓಡುತ್ತಿರುವ ಮೆಟ್ರೊ ರೈಲಿನದೂ ಇದೇ ತತ್ತ್ವ. ಅಲ್ಲಿ ಮೂರನೆಯ ಕಂಬಿಯೇ 750 ವೋಲ್ಟಿನ ಏಕಮುಖ ವಿದ್ಯುತ್ತನ್ನು ಕೊಡುವುದರಿಂದ ಮೊದಲ ಹೆಜ್ಜೆ ರೈಲಿನ ಹೊರಗೇ ಮುಗಿದಿರುತ್ತದೆ.

ಬಲವೆಲ್ಲ 560 ವೋಲ್ಟಿನ ಕಡೆಯಲ್ಲಿದ್ದರೂ ಆ ಬಲಕ್ಕೆ ಅಪ್ಪಣೆ ಕೊಡುವ ಮಂಡಲಗಳು 5, 15, 24 ವೋಲ್ಟುಗಳಲ್ಲಿ ನಡೆಯತಕ್ಕವು. ಅವುಗಳಿಗಾಗಿ ಪೆಟ್ಟಿಗೆಯ ಒಳಗೇ ಒಂದು ಪುಟ್ಟ ಸರಬರಾಜು ಮಂಡಲವಿದೆ. ಕಸಬುದಾರರು ಇದನ್ನು ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ವಿದ್ಯುತ್ತು ಬಂದಿದ್ದೂ ಅಂಕಿಗಳು ಬೆಳಗದ ಡ್ರೈವಿನಲ್ಲಿ ಮೊದಲು ಸಂಶಯಿಸಬೇಕಾದದ್ದು ಇದನ್ನು.

ಇದರಲ್ಲೊಂದು ಸ್ವಾರಸ್ಯವುಂಟು. ಈ ಮಂಡಲವನ್ನು ನಡೆಸುವ ಐ.ಸಿ.ಗೂ ಆಹಾರ ಬೇಕು. ಅದು ದೊರೆಯುವುದು ಇದೇ ಮಂಡಲದ ಟ್ರಾನ್ಸ್‌ಫಾರ್ಮರಿನ ಒಂದು ಸಹಾಯಕ ಸುರುಳಿಯಿಂದ! ಹಾಗಾದರೆ ಮೊದಲ ತುತ್ತನ್ನು ಯಾರು ಕೊಡಬೇಕು? ಬಾವಿಯ ಪಂಪು ನೀರೆತ್ತುವ ಮುನ್ನ ಅದರ ಬಾಯಿಗೆ ಒಂದು ಕೊಡ ನೀರು ಹೊಯ್ಯುವಂತೆ, ಇಲ್ಲಿ 560 ವೋಲ್ಟಿನಿಂದ ಒಂದು ದೊಡ್ಡ ರೋಧದ ಮೂಲಕ ಸುಮಾರು 1 ಮಿಲಿಆಂಪಿಯರ್ ಪ್ರವಾಹ ತೊಟ್ಟಿಕ್ಕಿ ಚಿಕ್ಕದೊಂದು ಕೆಪಾಸಿಟರನ್ನು ತುಂಬುತ್ತದೆ. ಬಹುಬಳಕೆಯಲ್ಲಿರುವ 3844 ಎಂಬ ಐ.ಸಿ. ಸುಮಾರು 16 ವೋಲ್ಟಿನಲ್ಲಿ ಎಚ್ಚರಗೊಳ್ಳುತ್ತದೆ, 10 ವೋಲ್ಟಿಗಿಳಿದರೆ ಮಲಗುತ್ತದೆ. ಕೆಪಾಸಿಟರು 47 ಮೈಕ್ರೊಫ್ಯಾರಡ್ ಎನ್ನೋಣ. 16 ವೋಲ್ಟಿಗೆ ಅದು ಹಿಡಿಯುವ ಆವೇಶ 752 ಮೈಕ್ರೊಕೂಲಂಬ್. ತುಂಬಲು ಮುಕ್ಕಾಲು ಸೆಕೆಂಡು ಸಾಕು. ಎಚ್ಚರಗೊಂಡ ಐ.ಸಿ. ಸುಮಾರು 15 ಮಿಲಿಆಂಪಿಯರ್ ಸೆಳೆಯತೊಡಗಿದರೆ, 16ರಿಂದ 10ಕ್ಕೆ ಇಳಿಯುವುದರೊಳಗೆ ದೊರೆಯುವ 282 ಮೈಕ್ರೊಕೂಲಂಬ್ ಆವೇಶ 19 ಮಿಲಿಸೆಕೆಂಡು ಮಾತ್ರ ಬಾಳುತ್ತದೆ. ಅಷ್ಟರೊಳಗೆ ಸಹಾಯಕ ಸುರುಳಿ ಹೊಣೆ ಹೊರಬೇಕು. ವರ್ಷಗಳ ಶಾಖಕ್ಕೆ ಒಳಗಿನ ದ್ರವ ಆರಿ ಕೆಪಾಸಿಟರು 5 ಮೈಕ್ರೊಫ್ಯಾರಡಿಗೆ ಕುಗ್ಗಿತೆನ್ನಿ. ಆಗ ದೊರೆಯುವ ಸಮಯ ಕೇವಲ 2 ಮಿಲಿಸೆಕೆಂಡು. ಐ.ಸಿ. ಎದ್ದು, ತಕ್ಷಣ ಬಿದ್ದು, ಮತ್ತೆ ಏಳುತ್ತದೆ. ಕಿವಿಗೊಟ್ಟರೆ ಕೆಲವೊಮ್ಮೆ ಟಿಕ್ ಟಿಕ್ ಸದ್ದೂ ಕೇಳಿಸುತ್ತದೆ.

ಆಯುಧಪೂಜೆಗೆಂದು ಆರಿಸಿದ ಯಂತ್ರ ಮರುದಿನ ಏಳಲೇ ಇಲ್ಲವೆಂಬ ದೂರಿನ ಮರ್ಮವನ್ನು ವಾಚಕರು ಈಗ ಊಹಿಸಬಲ್ಲರು. ಓಡುತ್ತಿರುವಷ್ಟು ಕಾಲ ಸಹಾಯಕ ಸುರುಳಿಯೇ ಐ.ಸಿ.ಯನ್ನು ಸಾಕುತ್ತಿರುವುದರಿಂದ ಬಡಕಲು ಕೆಪಾಸಿಟರಿನ ಬಣ್ಣ ಬಯಲಾಗುವುದಿಲ್ಲ. ಬಯಲಾಗುವುದು ಹೊಸದಾಗಿ ಚಾಲೂ ಮಾಡುವಾಗ. ದೋಷ ಹಬ್ಬದ ದಿನ ಹುಟ್ಟಿದ್ದಲ್ಲ, ಅಂದು ತೋರಿಬಂದದ್ದು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಇಂಥ ಕೆಪಾಸಿಟರಿನ ಆಯುಷ್ಯ ಹೆಚ್ಚುಕಡಮೆ ಅರ್ಧವಾಗುತ್ತದೆಂಬುದನ್ನೂ, ತಗಡಿನ ಸೂರಿನ ಶೆಡ್ಡಿನ ಮಧ್ಯಾಹ್ನವನ್ನೂ ಒಟ್ಟಿಗೆ ನೆನೆದರೆ ಸಾಕು.

ಇನ್ನು ದೋಷದ ಶೋಧ. ಅದು ಪ್ರಶ್ನೆಗಳ ಸರಣಿ. 560 ವೋಲ್ಟು ಬಂದಿದೆಯೆ? ಇಲ್ಲವಾದರೆ ದೋಷ ಇನ್ನೂ ಹಿಂದೆ, ಫ್ಯೂಸಿನಲ್ಲೋ ಡಯೋಡುಗಳಲ್ಲೋ ಇದೆ. ಬಂದಿದ್ದೂ ಐ.ಸಿ.ಯ ಕಾಲಿನಲ್ಲಿ ಸೊನ್ನೆಯೆ? ತೊಟ್ಟಿಕ್ಕಿಸುವ ರೋಧ ಕಡಿದಿರಬಹುದು. 10ಕ್ಕೂ 16ಕ್ಕೂ ನಡುವೆ ಉಯ್ಯಾಲೆಯೆ? ಕೆಪಾಸಿಟರು ಆರಿರಬಹುದು, ಅಥವಾ ಮುಂದಿನ ಡಯೋಡೊಂದು ಶಾರ್ಟಾಗಿ ಹೊರೆ ಮಿತಿಮೀರಿರಬಹುದು. ಫ್ಯೂಸು ಹೋಗಿದ್ದರೆ ಹೊಸ ಫ್ಯೂಸು ಹಾಕಿ ಕೈತೊಳೆದುಕೊಳ್ಳುವುದು ತರವಲ್ಲ. ಸುಟ್ಟ ಫ್ಯೂಸು ಸಾಕ್ಷಿಯೇ ಹೊರತು ಅಪರಾಧಿಯಲ್ಲ.

ವಿದ್ಯಾರ್ಥಿ ಮಿತ್ರರು ಇದನ್ನೋದಿ ಉತ್ಸಾಹದಿಂದ ಡ್ರೈವಿನ ಮುಚ್ಚಳ ತೆಗೆಯಬಾರದೆಂದು ಖಂಡಿತವಾಗಿ ಹೇಳಬೇಕಾಗಿದೆ. 1000 ಮೈಕ್ರೊಫ್ಯಾರಡಿನ ಕೆಪಾಸಿಟರು 560 ವೋಲ್ಟಿನಲ್ಲಿ ಹಿಡಿದಿಟ್ಟ ಶಕ್ತಿ ಸುಮಾರು 157 ಜೂಲ್. ಲಯ ತಪ್ಪಿದ ಹೃದಯಕ್ಕೆ ವೈದ್ಯರು ಕೊಡುವ ವಿದ್ಯುದಾಘಾತವೂ 150ರಿಂದ 200 ಜೂಲಿನಷ್ಟೇ. ಸರಿಯಾಗಿ ಮಿಡಿಯುತ್ತಿರುವ ಹೃದಯವನ್ನು ಕೆಡಿಸಲು ಅಷ್ಟೂ ಬೇಕಿಲ್ಲ. ಸ್ವಿಚ್ಚು ಆರಿಸಿದ ಮೇಲೂ ಈ ಶಕ್ತಿ ನಿಮಿಷಗಟ್ಟಲೆ ಉಳಿಯುತ್ತದೆ. ಬಲ್ಲವರು ಕಾದು, ಮೀಟರಿನಿಂದ ಅಳೆದು, ಸೊನ್ನೆಗೆ ಬಂತೆಂದು ಖಚಿತಪಡಿಸಿಕೊಂಡೇ ಕೈಯಿಡುತ್ತಾರೆ.

ಸುಟ್ಟ ಮೋಟಾರನ್ನು ಬಿಸಾಡುವವರು ನಮ್ಮಲ್ಲಿ ವಿರಳ. ರೀವೈಂಡಿಂಗ್ ಅಂಗಡಿಗೆ ಒಯ್ದು ಹೊಸ ತಂತಿ ಸುತ್ತಿಸುತ್ತಾರೆ. ಡ್ರೈವಿಗೆ ಮಾತ್ರ ಈ ಭಾಗ್ಯವಿಲ್ಲ. ಕೆಲವೇ ರೂಪಾಯಿಯ ಕೆಪಾಸಿಟರಿಗಾಗಿ ಸಾವಿರಾರು ರೂಪಾಯಿಯ ಪೆಟ್ಟಿಗೆ ಗುಜರಿ ಸೇರುತ್ತದೆ. ತಯಾರಕರು ಮಂಡಲದ ನಕ್ಷೆ ಕೊಡದಿರುವುದು ಒಂದು ಕಾರಣ. 2022ರಲ್ಲಿ ಭಾರತ ಸರ್ಕಾರ ದುರಸ್ತಿಯ ಹಕ್ಕಿನ ಬಗ್ಗೆ ನೇಮಿಸಿದ ಸಮಿತಿ ಕೃಷಿ ಯಂತ್ರ, ಮೊಬೈಲು, ಗೃಹೋಪಕರಣ, ವಾಹನಗಳನ್ನು ಎತ್ತಿಕೊಂಡಿತು. ಕಾರ್ಖಾನೆಯ ಡ್ರೈವು ಆ ಪಟ್ಟಿಯಲ್ಲಿರಲಿಲ್ಲ. ನಿಂತ ಒಂದು ದಿನದ ನಷ್ಟ ಹೊಸ ಡ್ರೈವಿನ ಬೆಲೆಯನ್ನು ಮೀರುವುದೂ ಉಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಳೆಯದನ್ನು ಶೋಧಿಸಿ ಮುಂದಿನ ಆಪತ್ತಿಗೆ ಸಿದ್ಧವಾಗಿಡಲು ಯಾರ ಅಡ್ಡಿ?

ಅಡ್ಡಿ ನಮ್ಮ ಶಿಕ್ಷಣದಲ್ಲಿದೆ. ಪೂರ್ಣತರಂಗ ರೆಕ್ಟಿಫೈಯರಿನ ಪ್ರಯೋಗವನ್ನು ಅಚ್ಚುಕಟ್ಟಾಗಿ ಮಾಡಿ, ನಕ್ಷೆ ಬರೆದು, ಸಹಿ ಹಾಕಿಸಿಕೊಂಡ ವಿದ್ಯಾರ್ಥಿಗೆ ಅದೇ ಮಂಡಲದ ಒಂದು ಡಯೋಡು ಕಡಿದರೆ ಮೀಟರು ಏನು ತೋರಿಸುವುದೆಂದು ಕೇಳಿ ನೋಡಿ. ಉತ್ತರ ಬರುವುದು ಅಪೂರ್ವ. ನಾವು ಅವನಿಗೆ ಸರಿಯಿರುವ ಮಂಡಲಗಳನ್ನೇ ಕೊಟ್ಟಿದ್ದೇವೆ. ದುರಸ್ತಿ ಐ.ಟಿ.ಐ.ಯವರ ಕೆಲಸ, ಪದವೀಧರನದಲ್ಲವೆಂಬ ಮಾತನ್ನು ಅಧ್ಯಾಪಕರಿಂದಲೂ ಕೇಳುತ್ತೇವೆ. ಪರಿಣಾಮದಿಂದ ಕಾರಣವನ್ನು ತರ್ಕಿಸುವುದು ಭೌತವಿಜ್ಞಾನವಲ್ಲದಿದ್ದರೆ ಇನ್ನಾವುದು ಭೌತವಿಜ್ಞಾನ? ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ಪ್ರಯೋಗವಾದರೂ ಬೇಕೆಂದೇ ಕೆಡಿಸಿದ, 12 ವೋಲ್ಟಿನ ನಿರಪಾಯಕರ ಮಂಡಲದ್ದಾಗಿರಲಿ. ಮೀಟರು ತಾಗಿಸುವ ಮುನ್ನವೇ ಅಲ್ಲಿ ಎಷ್ಟು ವೋಲ್ಟು ನಿರೀಕ್ಷಿಸುತ್ತಾನೆಂಬುದನ್ನು ವಿದ್ಯಾರ್ಥಿ ಬರೆದಿಡಲಿ. ಅಂಕಗಳು ಆ ಬರಹಕ್ಕೆ ಸಲ್ಲಲಿ. ಟ್ರಾನ್ಸ್‌ಫಾರ್ಮರು, ಡಯೋಡು, ಮೀಟರುಗಳು ಕಾಲೇಜಿನ ಕಪಾಟಿನಲ್ಲಿ ಈಗಾಗಲೇ ಇವೆ. ಕೆಟ್ಟ ಕೆಪಾಸಿಟರುಗಳು ಬೇಕಾದರೆ ಯಾವ ಗುಜರಿ ಅಂಗಡಿಯವನೂ ಸಂತೋಷದಿಂದ ಕೊಟ್ಟಾನು.