ಸರಕನ್ನು ಕಳುಹಿಸುವ ಮುನ್ನ

ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿಯನ್ನು ರಷ್ಯದವರೂ ಕೊಳ್ಳುವರು. 2022ನೆಯ ಫೆಬ್ರವರಿಯಲ್ಲಿ ಯುಕ್ರೇನಿನ ಮೇಲೆ ರಷ್ಯದ ದಂಡಯಾತ್ರೆ ನಡೆಯಲು, ಮಾರ್ಚಿಯಲ್ಲಿ ಯುರೋಪಿನ ಒಕ್ಕೂಟವು ಏಳು ರಷ್ಯನ್ ಬ್ಯಾಂಕುಗಳನ್ನು ಸ್ವಿಫ್ಟ್ ಎಂಬ ಸಂದೇಶಜಾಲದಿಂದ ಹೊರಗಿಟ್ಟಿತು. ನಮ್ಮ ಕಾನೂನು ಕಾಫಿಯನ್ನು ತಡೆಯಲಿಲ್ಲ. ಆದರೆ ಹಣ ಬರುವ ದಾರಿಯೇ ಕಟ್ಟಿದರೆ ವರ್ತಕನ ಗತಿಯೇನು? ಆ ಜುಲೈಯಲ್ಲಿ ರಿಸರ್ವ್ ಬ್ಯಾಂಕು ರೂಪಾಯಿಯಲ್ಲಿಯೇ ಲೆಕ್ಕ ತೀರಿಸುವ ಏರ್ಪಾಡನ್ನು ಮಾಡಿತು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಬಂಧಕ್ಕೆ ನಮ್ಮ ದೇಶವು ಬದ್ಧವಾಗಿದೆ. ಅಮೆರಿಕದ ನಿರ್ಬಂಧವು ನಮ್ಮ ಕಾನೂನಲ್ಲ; ಆದರೂ ಡಾಲರಿನ ಹಣವು ಸಾಮಾನ್ಯವಾಗಿ ಅಲ್ಲಿಯ ಬ್ಯಾಂಕುಗಳನ್ನು ಹಾಯ್ದೇ ಬರತಕ್ಕದ್ದು, ಅಲ್ಲಿಯೇ ನಿಂತುಹೋಗಲೂಬಹುದು. ಪಟ್ಟಿಯಲ್ಲಿ ಗಿರಾಕಿಯ ಹೆಸರಿಲ್ಲವೆಂದು ನೆಮ್ಮದಿಯಿಂದಿರಲಾಗದು. ನಿರ್ಬಂಧಿತರ ಪಾಲು ನೂರಕ್ಕೆ 50 ಆದರೂ ಅದಕ್ಕೆ ಮೀರಿದರೂ ಅಂಥ ಸಂಸ್ಥೆಯೂ ಅಮೆರಿಕದ ನಿಯಮದಂತೆ ನಿರ್ಬಂಧಿತವೇ.

ಆದಕಾರಣ ನಮ್ಮ ವಾಚಕರಲ್ಲಿ ರಫ್ತು ವ್ಯಾಪಾರಸ್ಥರಾದವರಿಗೆ ನಾವು ಹೇಳುವುದಿಷ್ಟೆ: ಪಟ್ಟಿಗಳು ಆಗಾಗ ಬದಲಾಗುವುವು. ಕರಾರಿನ ದಿನ ನೋಡಿದರೆ ಸಾಲದು. ಹಡಗಿಗೆ ಏರಿಸುವ ದಿನವೂ ಗಿರಾಕಿ, ಬ್ಯಾಂಕು, ಹಡಗು ಈ ಮೂರರ ಹೆಸರನ್ನೂ ಹೊಸ ಪಟ್ಟಿಯೊಡನೆ ತಾಳೆ ನೋಡಿ, ನೋಡಿದ ತಾರೀಖನ್ನು ಬರೆದಿಡಿರಿ. ಸಂದೇಹವಿದ್ದರೆ ನಿಮ್ಮ ಬ್ಯಾಂಕನ್ನು ಮೊದಲೇ ಕೇಳಿರಿ. ತಡೆದು ನಿಂತ ಹಣವು ವರ್ತಕನೊಬ್ಬನದಲ್ಲ. ತೋಟದ ಆಳಿನ ಕೂಲಿಯೂ ಅವನ ಮಕ್ಕಳ ಅನ್ನವೂ ಅದರಲ್ಲಿಯೇ ಇವೆ.